ಯಾವ ಭಾಗವನ್ನೂ ಬಿಡಬೇಡಿ, ಬಿಟ್ಟು ಕೆಟ್ಟವನು ನಾನು

‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಸಿನಿಮಾವನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ತೋರಿಸಬೇಕೆಂದಿದ್ದೀರಿ. ನೋಡಿದವರಲ್ಲಿ ಕೆಲವರು ಮೊದಲರ್ಧ ಬರೀ ಹುಡುಗಾಟ ಅನ್ನುತ್ತಾರೆ, ಕೆಲವರು ಕೊನೆಗೆ ಭಾಷಣ ಜಾಸ್ತಿ ಅನ್ನುತ್ತಾರೆ, ಯಾವ ಭಾಗ ಬಿಡುವುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು 2020ರ ಜನವರಿಯಲ್ಲಿ ನಾನು ಒಂದಿಡೀ ರಾತ್ರಿ ಕೂತಿದ್ದೆ.

ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯವನು. ಕಲಿತದ್ದು ಊರಿನ ಕನ್ನಡ ಶಾಲೆಯಲ್ಲಿ, ಆಗ ಅದರ ಹಳೆ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ. ಮಕ್ಕಳು ಕಡಿಮೆಯಾದ ಶಾಲೆಗೆ ನಮ್ಮಲ್ಲಿ ‘ಅನ್‌ಎಕನಾಮಿಕ್’ ಅನ್ನುತ್ತಾರೆ. ನಮ್ಮದು ಆ ಲೆಕ್ಕಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಮನೆಯ ಗೇಟಿನ ತನಕ ಬರುತ್ತದೆ, ನಮ್ಮ ಶಾಲೆಗೆ ಮಗು ಗುಡ್ಡ ಇಳಿದು, ಅಡಿಕೆ ತೋಟ ದಾಟಿ, ಸಂಕ ದಾಟಿ ನಡೆದು ಬರಬೇಕು. ನಾವೂ ಒಂದು ವ್ಯಾನ್ ಇಡೋಣ, ಹೆತ್ತವರು ತಿಂಗಳಿಗೆ ಇಂತಿಷ್ಟು ಕೊಡಲಿ, ಉಳಿದದ್ದನ್ನು ಸಂಘ ಹಾಕಲಿ ಅಂತ ಮಾತಾಗಿತ್ತು. ವಾರ್ಷಿಕೋತ್ಸವಕ್ಕೆ ಎಲ್ಲರೂ ಬರುತ್ತಾರೆ, ಸಿನಿಮಾ ನೋಡಿ ಮನಸ್ಸು ಕರಗಿದ ಹೊತ್ತಿಗೆ ವ್ಯಾನಿನ ವಿಷಯ ಎತ್ತುವುದು ಅಂತ ನನ್ನ ಯೋಚನೆ. 2018ರ ಸಿನಿಮಾ ಅದು, ಮರುವರ್ಷ ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಕಥೆಯೂ ನಮ್ಮದೇ: ಗಡಿನಾಡಿನಲ್ಲಿ ಮುಚ್ಚಲು ಹೊರಟ ಒಂದು ಕನ್ನಡ ಶಾಲೆ.

ಸಮಿತಿ ಸಭೆಯಲ್ಲೇ ಎರಡು ಪಕ್ಷ ಆಯಿತು. ನಮಗೆ ಪಾಠ ಮಾಡಿದ್ದ ನಿವೃತ್ತ ಮಾಸ್ಟ್ರೊಬ್ಬರು, “ಇಷ್ಟು ಸಣ್ಣ ಹುಡುಗನಿಗೆ ಪ್ರೀತಿಯಂತೆ! ಹೆಡ್ಮಾಸ್ಟ್ರನ್ನು ನೋಡಿದರೆ ಮಕ್ಕಳಿಗೆ ಹೆದರಿಕೆಯೇ ಇಲ್ಲ. ಇದನ್ನು ಹೆತ್ತವರ ಎದುರು ಹಾಕುವುದಾ?” ಅಂದರು. ಬೆಂಗಳೂರಿನಿಂದ ಬಂದಿದ್ದ ನನ್ನ ಸಹಪಾಠಿ, “ನಗಿಸುವ ತನಕ ಚಂದ ಉಂಟು ಮಾರಾಯ, ಅನಂತನಾಗ್ ಕೋರ್ಟಿಗೆ ಹೋದ ಮೇಲೆ ಬರೀ ಪಾಠ” ಅಂದ. ನಾನು ಮಾಸ್ಟ್ರ ಪಕ್ಷ ಹಿಡಿದೆ. ನನಗೆ ಬೇಕಾದದ್ದು ವ್ಯಾನ್, ಅದಕ್ಕೆ ಬೇಕಾದದ್ದು ಆ ಪಾಠವೇ ಅಂತ ಕಂಡಿತು.

ತಪ್ಪು ಮಾಡಿದ್ದು ಇಲ್ಲಿ. ಆ ರಾತ್ರಿ ಲ್ಯಾಪ್‌ಟಾಪ್ ಎದುರು ಕೂತು, ಹಾಲಿನ ಸೊಸೈಟಿಯ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸಮಯ ಗುರುತು ಹಾಕಿಕೊಂಡೆ. ಸಿನಿಮಾದ ಹುಡುಗ ಪ್ರವೀಣ ಶಾಲೆಯ ಹುಡುಗಿ ಪಲ್ಲವಿಯನ್ನು ನೋಡುವುದು, ಅಲ್ಲಿಂದ ಹಾರು. ದಡ್ಡ ಅಂತ ಹಾಡು, ಹಾರು. ಹೆಡ್ಮಾಸ್ಟ್ರ ತಮಾಷೆ, ಹಾರು. ಮೈಸೂರಿಗೆ ಹೋಗುವ ಫಜೀತಿ, ಹಾರು. ಶಾಲೆ ಮುಚ್ಚುವ ಸುದ್ದಿ, ಬೀಗ, ಕೋರ್ಟು ಉಳಿಯಿತು. ಎರಡು ಗಂಟೆ ಮೀರಿದ ಸಿನಿಮಾ ಐವತ್ತು ನಿಮಿಷಕ್ಕೆ ಬಂತು. ಡ್ಯಾನ್ಸಿಗೂ ಬಹುಮಾನ ವಿತರಣೆಗೂ ಸಮಯ ಸಿಕ್ಕಿತು ಅಂತ ಸಮಾಧಾನವೂ ಆಯಿತು.

ವಾರ್ಷಿಕೋತ್ಸವದ ದಿನ ಏನಾಯಿತು ಅಂದರೆ, ನಾನು ಒಂದೊಂದು ಸಲ ಹಾರಿಸಿದಾಗಲೂ ಪರದೆಯ ಕೆಳಗೆ ಸಿನಿಮಾ ಎಲ್ಲಿಗೆ ಬಂತು ಅಂತ ತೋರಿಸುವ ಉದ್ದ ಗೆರೆ ಕಾಣಿಸಿಕೊಂಡು ಚಿತ್ರ ಜಿಗಿಯುತ್ತಿತ್ತು. ಮುಂದೆ ಚಾಪೆ ಮೇಲೆ ಕೂತಿದ್ದ ಮಕ್ಕಳು ಒಂದೇ ಸ್ವರದಲ್ಲಿ “ಏ…!” ಅಂತ ಕೂಗುತ್ತಿದ್ದರು. ನಗುವುದಕ್ಕೆ ಬಾಯಿ ತೆರೆದ ಹೊತ್ತಿಗೇ ನಾನು ಮುಂದಕ್ಕೆ ಓಡಿಸುತ್ತಿದ್ದೆ. ನಾಲ್ಕನೇ ಸಲಕ್ಕೆ ಕೂಗುವುದೂ ನಿಂತಿತು, ಎದ್ದು ಹೋಗಿ ವೇದಿಕೆಯ ಹಿಂದೆ ಮುಟ್ಟಾಟ ಶುರು ಮಾಡಿದರು. ಮಕ್ಕಳನ್ನು ಹುಡುಕಿಕೊಂಡು ತಾಯಂದಿರು ಎದ್ದರು. ಕೋರ್ಟಿನ ದೃಶ್ಯ ಬರುವಾಗ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ. ಎರಡು ಮಕ್ಕಳನ್ನು ನಮ್ಮ ಶಾಲೆಗೇ ಕಳಿಸುತ್ತಿದ್ದ ಒಬ್ಬ ಬ್ಯಾರಿ ತಾಯಿ ಹೊರಡುವಾಗ ನನ್ನ ಹತ್ತಿರ ಬಂದು, “ಆ ಮಕ್ಕಳು ಯಾರು ಅಂತಲೇ ಗೊತ್ತಾಗಲಿಲ್ಲ ಸರ್, ಮತ್ತೆ ಅವರ ಶಾಲೆ ಮುಚ್ಚಿದರೆ ಬೇಜಾರು ಹೇಗೆ ಆಗುವುದು?” ಅಂದರು.

ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ ಲೆಕ್ಕವಿಲ್ಲ. ಹಾಸ್ಯವನ್ನು ನಾನು ಮಾತ್ರೆಯ ಮೇಲಿನ ಸಕ್ಕರೆ ಅಂದುಕೊಂಡಿದ್ದೆ, ಅದು ತಪ್ಪು. ಪ್ರವೀಣ ದಡ್ಡ, ಅವನಿಗೆ ಪಲ್ಲವಿ ಅಂದರೆ ಇಷ್ಟ, ಅವನ ಗೆಳೆಯನ ಹೆಸರು ಮಮ್ಮುಟ್ಟಿ. ಇದೆಲ್ಲ ನೋಡಿ ನಕ್ಕವರಿಗೆ ಮಾತ್ರ ಆ ಶಾಲೆ ಪರಿಚಯ ಆಗುತ್ತದೆ. ನಾನು ಪರಿಚಯ ಮಾಡಿಸದೆ ನೇರ ಸಾವಿನ ಮನೆಗೆ ಕರೆದುಕೊಂಡು ಹೋಗಿ ಅಳಿ ಅಂದೆ.

ವ್ಯಾನಿನ ವಿಷಯ ಎತ್ತುವಾಗ ಎದುರಿಗೆ ಇದ್ದದ್ದು ಸಮಿತಿಯವರು, ಅಡಿಗೆಯವರು, ಮೈಕಿನ ಹುಡುಗ. ಏಪ್ರಿಲಿನಲ್ಲಿ ಮತ್ತೊಮ್ಮೆ ಸಭೆ ಕರೆಯೋಣ ಅಂದುಕೊಂಡೆವು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ತಲಪಾಡಿಯಲ್ಲಿ ಗಡಿಯೇ ಮುಚ್ಚಿತು. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಐದು ಮನೆಯ ಮಕ್ಕಳು ಬೇರೆ ಕಡೆ ಸೇರಿದ್ದರು. ಆ ಬ್ಯಾರಿ ತಾಯಿಯ ಸಣ್ಣ ಮಗನೂ ಅದರಲ್ಲಿ ಒಬ್ಬ. ಸಿನಿಮಾ ಪೂರ್ತಿ ಹಾಕಿದ್ದರೆ ವ್ಯಾನ್ ಬಂದೇ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಆ ಮುನ್ನೂರು ಜನ ಒಂದೇ ಕಡೆ ಕೂತಿದ್ದ ಸಂಜೆ ಮತ್ತೆ ಸಿಗಲಿಲ್ಲ.

ಲಾಕ್‌ಡೌನಿನಲ್ಲಿ ಅಕ್ಕನ ಮಕ್ಕಳಿಬ್ಬರಿಗೆ ಅದನ್ನೇ ಮನೆಯ ಟಿವಿಯಲ್ಲಿ ಒಂದು ಕ್ಷಣವೂ ಬಿಡದೆ ಹಾಕಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾಲೆಗೆ ಬೀಗ ಬೀಳುವಾಗ ಸಣ್ಣವಳು ಚಕ್ಕುಲಿಯನ್ನು ಬಾಯಿಗಿಟ್ಟವಳು ಕಚ್ಚಲೇ ಇಲ್ಲ. “ಮಾವ, ಪ್ರವೀಣ ಇನ್ನು ಎಲ್ಲಿಗೆ ಹೋಗುವುದು?” ಅಂತ ಕೇಳಿದಳು. ಅವತ್ತು ನಮ್ಮ ಶಾಲೆಯ ಅಂಗಳದಲ್ಲಿ ನನಗೆ ಬೇಕಾಗಿದ್ದದ್ದು ಆ ಒಂದು ಪ್ರಶ್ನೆ.

ಹಾಗಾಗಿ ‘ಅಭಿಪ್ರಾಯ ಎರಡಾಗಿದೆ, ಒಂದು ಭಾಗ ಬಿಡಬೇಕು’ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಭಾಷಣ ಅನ್ನುವವರು ಹೆಚ್ಚಾಗಿ ದೂರದ ಊರಿನವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, 1967ರಲ್ಲಿ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ ವರದಿ ಕೊಟ್ಟಿತು, ಇಂದಿನವರೆಗೆ ಅದು ಕಾಗದದಲ್ಲೇ ಉಳಿದಿದೆ. ಇದನ್ನು ಅಜ್ಜನ ಬಾಯಲ್ಲಿ ಕೇಳಿ ಬೆಳೆದವನಿಗೆ ಅನಂತನಾಗ್ ಮಾತು ಉದ್ದ ಅನ್ನಿಸುವುದಿಲ್ಲ. ಕನ್ನಡ ಬಾರದ ಮಾಸ್ಟ್ರು ಕನ್ನಡ ಮಕ್ಕಳಿಗೆ ಪಾಠ ಮಾಡಲು ಬರುವುದೂ ಸಿನಿಮಾದವರ ಕಲ್ಪನೆ ಅಲ್ಲ, ಅದಕ್ಕಾಗಿ ಇಲ್ಲಿ ಪ್ರತಿಭಟನೆಗಳೇ ನಡೆದಿವೆ.

ನನಗೂ ಆ ಸಿನಿಮಾದ ಮೇಲೆ ಒಂದು ತಕರಾರು ಉಂಟು. ಶಾಲೆ ಮುಚ್ಚಿಸುವ ಅಧಿಕಾರಿಯೊಬ್ಬ ಕೆಟ್ಟವನಾಗಿ ಸಿಕ್ಕಿದ ಕೂಡಲೇ ನೋಡುವವರಿಗೆ ಹಗುರಾಗುತ್ತದೆ. ನಮ್ಮ ಶಾಲೆಗೆ ಬೀಗ ಹಿಡಿದುಕೊಂಡು ಯಾರೂ ಬರಲಿಲ್ಲ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಮಾತಾಡುವ ನಾವೇ ಮಕ್ಕಳನ್ನು ವ್ಯಾನ್ ಹತ್ತಿಸಿದೆವು. ಆ ತಕರಾರನ್ನೂ ಸಿನಿಮಾ ಮುಗಿದ ಮೇಲೆ ಜನರೇ ಎತ್ತಲಿ. ಅಭಿಪ್ರಾಯ ಬೇರೆಯಾದಷ್ಟೂ ನಿಮ್ಮ ಅಂಗಳದಲ್ಲಿ ಮಾತು ಬೆಳೆಯುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಡ್ಯಾನ್ಸ್ ಕಡಿಮೆ ಮಾಡಿ, ಸಿನಿಮಾ ಕತ್ತರಿಸಬೇಡಿ. ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು, ಹೆತ್ತವರು, ಅಧ್ಯಾಪಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ನೋಡುವುದಾದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶ ಉಂಟು, ಊರಿಗೆಲ್ಲ ಡಂಗುರ ಹೊಡೆಸುವುದಾದರೆ ನಿರ್ಮಾಪಕರ ಒಪ್ಪಿಗೆ ಪಡೆಯಿರಿ. ಮುಗಿದ ಮೇಲೆ ಮೈಕ್ ಹಿಡಿದು ನೀತಿ ವಿವರಿಸಬೇಡಿ. ಹಣದ ವಿಷಯ ಇದ್ದರೆ ಮಧ್ಯಂತರದಲ್ಲಿ ಚಹಾ, ಅವಲಕ್ಕಿ ಕೊಡುವಾಗಲೇ ಒಬ್ಬೊಬ್ಬರ ಹತ್ತಿರ ಹೋಗಿ ಕೇಳಿ, ಆಗ ಎಲ್ಲರ ಮುಖದಲ್ಲೂ ನಗು ಇರುತ್ತದೆ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಮಂಗಳೂರು, ಕಾಸರಗೋಡಿನ ಆಚೀಚೆ ಆದರೆ ದಿನಾಂಕ ತಿಳಿಸಿ. ಪ್ರೊಜೆಕ್ಟರ್ ನನ್ನ ಹತ್ತಿರ ಉಂಟು, ತೆಗೆದುಕೊಂಡು ಬರುತ್ತೇನೆ.