ಗುಳ್ಳೆಯ ನೀರಿನಿಂದ ಪಾಯ್ಸನ್ ಐವಿ ದದ್ದು ಹರಡುತ್ತಾ?

ಪಾಯ್ಸನ್ ಐವಿ ಅನ್ನುವ ಗಿಡ ತಾಗಿ ಎದ್ದ ಗುಳ್ಳೆ ಒಡೆದು, ಅದರ ನೀರು ತಾಗಿದ್ದಕ್ಕೇ ದದ್ದು ಕೈಯಿಂದ ಹೊಟ್ಟೆಗೂ ಹರಡಿತಾ ಅಂತ ಕೇಳಿದ್ದೀರಿ. ಇಲ್ಲ, ಆ ಭಯ ಬಿಡಿ. ಆ ನೀರು ನಿಮ್ಮ ಮೈಯಿಂದಲೇ ಒಸರಿದ್ದು, ಅದರಲ್ಲಿ ಪಾಯ್ಸನ್ ಐವಿಯ ಎಣ್ಣೆ, ಅಂದರೆ ಉರುಶಿಯಾಲ್, ಇರುವುದಿಲ್ಲ. ಎಣ್ಣೆ ಜಾಸ್ತಿ ತಾಗಿದ ಕಡೆ, ಚರ್ಮ ತೆಳುವಾಗಿರುವ ಕಡೆ ದದ್ದು ಬೇಗ ಏಳುತ್ತದೆ, ಉಳಿದ ಕಡೆ ಒಂದೆರಡು ದಿನ ತಡವಾಗಿ ಬರುತ್ತದೆ, ಅದಕ್ಕೇ ನೋಡುವವರಿಗೆ ಹರಡಿದ ಹಾಗೆ ಕಾಣುವುದು.

ಇಷ್ಟು ತಡ ಯಾಕೆ ಅಂದರೆ ಇದು ಟಿ ಕೋಶಗಳ, ಅಂದರೆ ರೋಗ ತಡೆಯುವ ಒಂದು ಬಗೆಯ ಬಿಳಿ ರಕ್ತಕಣಗಳ ಕೆಲಸ, ಅವು ಎಚ್ಚೆತ್ತುಕೊಳ್ಳಲು ಸಮಯ ಹಿಡಿಯುತ್ತದೆ. 2016ರಲ್ಲಿ ಬಂದ ಒಂದು ಸಂಶೋಧನೆ ನನಗೆ ತುಂಬಾ ಇಷ್ಟ. ಚರ್ಮವನ್ನು ಕಾಯುವ ಲ್ಯಾಂಗರ್‌ಹಾನ್ಸ್ ಅನ್ನುವ ಕೋಶಗಳ ಮೇಲೆ ಸಿಡಿ1ಎ ಅನ್ನುವ ಅಣು ಇರುತ್ತದೆ, ಅದು ಈ ಎಣ್ಣೆಯನ್ನು ಹಿಡಿದು ಟಿ ಕೋಶಗಳಿಗೆ ತೋರಿಸುತ್ತದೆ, ಅವು ಐಎಲ್-17, ಐಎಲ್-22 ಅನ್ನುವ, ಉರಿಯೂತಕ್ಕೆ ಸಂದೇಶ ಕೊಡುವ ಪ್ರೋಟೀನುಗಳನ್ನು ಹೊರಬಿಟ್ಟು ಉರಿ ಎಬ್ಬಿಸುತ್ತವೆ. ಮಾಮೂಲಿ ಇಲಿಗಳಲ್ಲಿ ಸಿಡಿ1ಎ ಇಲ್ಲವೇ ಇಲ್ಲ, ಹಾಗಾಗಿ ಮನುಷ್ಯರ ಸಿಡಿ1ಎ ಸೇರಿಸಿದ ಇಲಿಗಳಲ್ಲಿ ಪರೀಕ್ಷಿಸಿದರು. ಆಂಟಿಬಾಡಿಯಿಂದ ಅದನ್ನು ತಡೆದಾಗ ಊತ ಕಡಿಮೆಯಾಯಿತು! ಮುಂದೆ ಒಳ್ಳೆಯ ಔಷಧಿಗೆ ದಾರಿ ಆಗಬಹುದು, ಅಲ್ವಾ?

ಬಟ್ಟೆ, ಶೂ ಲೇಸು, ಉಗುರಿನ ಸಂದಿಯಲ್ಲಿ ಎಣ್ಣೆ ಉಳಿದಿದ್ದರೆ ಮಾತ್ರ ಮತ್ತೆ ತಾಗುತ್ತದೆ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಮುಖಕ್ಕೆ, ಕಣ್ಣಿನ ಹತ್ತಿರ ಬಂದರೆ ಸುಮ್ನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.