ಅಪ್‌ಡೇಟ್ ಆದಮೇಲೆ ಫೋನು ನಿಧಾನ ಆಯ್ತಾ?

ಮೂರು ವರ್ಷದ ಫೋನು ಅಪ್‌ಡೇಟ್ ಆದಮೇಲೆ ನಿಧಾನವಾಗಿದೆ, ಹೊಸದು ಕೊಳ್ಳಲಿ ಅಂತ ಕಂಪನಿಯವರು ಬೇಕೆಂದೇ ಹೀಗೆ ಮಾಡುತ್ತಾರಾ ಅಂತ ಕೇಳಿದ್ದೀರಿ. ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ ಬಿಡಿ. ಬ್ಯಾಟರಿ ಸವೆದ ಹಳೆಯ ಐಫೋನ್‌ಗಳ ವೇಗವನ್ನು ತಾನೇ ತಗ್ಗಿಸುತ್ತಿರುವುದಾಗಿ 2017ರ ಡಿಸೆಂಬರ್‌ನಲ್ಲಿ ಆಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ಹಳೆಯ ಬ್ಯಾಟರಿ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡಲಾರದು, ಆಗ ಫೋನು ತಟ್ಟನೆ ಆಫ್ ಆಗುತ್ತದೆ, ಅದನ್ನು ತಪ್ಪಿಸೋಕೆ ಹೀಗೆ ಮಾಡಿದೆವು ಅನ್ನೋದು ಅವರ ವಾದ. ಕಾರಣವೇನೋ ಒಪ್ಪುವಂಥದ್ದೇ. ಆದರೆ ಬಳಸುವವರಿಗೆ ಸರಿಯಾಗಿ ಹೇಳದೆ ಮಾಡಿದ್ದು ತಪ್ಪಲ್ವಾ? ಜನ ಸಿಟ್ಟಾದ ಮೇಲೆ, 2018ರಲ್ಲಿ, ಬ್ಯಾಟರಿಯ ಸ್ಥಿತಿ ತೋರಿಸುವ ಸೆಟ್ಟಿಂಗ್ ಬಂತು.

ನಿಮ್ಮದು ಯಾವ ಫೋನು ಅಂತ ಬರೆದಿಲ್ಲ. ಯಾವುದೇ ಆಗಲಿ, ದೊಡ್ಡ ಅಪ್‌ಡೇಟ್ ಆದ ಒಂದೆರಡು ದಿನ ಅದು ಒಳಗೊಳಗೇ ಆ್ಯಪ್, ಫೋಟೋಗಳನ್ನೆಲ್ಲ ಹೊಸದಾಗಿ ಜೋಡಿಸಿಕೊಳ್ಳುತ್ತಿರುತ್ತದೆ, ಸ್ವಲ್ಪ ಬಿಸಿಯೂ ಆಗಬಹುದು, ಹಾಗಾಗಿ ತಕ್ಷಣ ಗಾಬರಿ ಬೇಡ. ಆಮೇಲೂ ಹಾಗೇ ಇದ್ದರೆ ಸ್ಟೋರೇಜ್ ತುಂಬಿದೆಯಾ ನೋಡಿ, ಅದೂ ಸರಿಯಿದ್ದರೆ ಬ್ಯಾಟರಿ ಬದಲಿಸಿ. ನಾನಂತೂ ಬ್ಯಾಟರಿ ಹಾಕಿಸಿ ಹಳೆಯದನ್ನೇ ಓಡಿಸುತ್ತಿದ್ದೇನೆ. ಕ್ಯಾಮೆರಾ ಮಾತ್ರ ಅಷ್ಟಕ್ಕಷ್ಟೇ.