ಶೇ 24 ಮಾತ್ರ ಸಾವಯವ ಎಂದರೆ ಮೋಸವೇ?

ಧಾರವಾಡದ ಓದುಗರೊಬ್ಬರ ಪತ್ರದ ಸಾರ: ‘ಪ್ಯಾರಿಸ್‌ನಲ್ಲಿರುವ ಮಗಳು 50 ಎಂಎಲ್‌ನ ಫ್ರೆಂಚ್ ಫೇಸ್‌ಕ್ರೀಮ್ ಕಳಿಸಿದ್ದಾಳೆ. ನಮ್ಮ ಲೆಕ್ಕದಲ್ಲಿ ಏಳು ಸಾವಿರ ರೂಪಾಯಿ ದಾಟುತ್ತದೆ. ಮುಂದೆ ದೊಡ್ಡದಾಗಿ ಆರ್ಗ್ಯಾನಿಕ್ ಎಂದಿದೆ, ಹಿಂದೆ ನೋಡಿದರೆ ಒಟ್ಟು ಪದಾರ್ಥದಲ್ಲಿ ಶೇ 24 ಮಾತ್ರ ಸಾವಯವ. ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ ಎಂದೂ ಬರೆದಿದ್ದಾರೆ. ಇವರನ್ನು ನಂಬಬಹುದೇ?’

ನೀವು ಅನುಮಾನಪಟ್ಟ ಆ ಶೇ 24 ಆ ಡಬ್ಬಿಯ ಮೇಲಿನ ಅತ್ಯಂತ ಪ್ರಾಮಾಣಿಕ ಮಾತು. ಸಾವಯವ ಪ್ರಸಾಧನಗಳಿಗೆ ಕೊಡುವ ಕಾಸ್ಮಾಸ್ ಆರ್ಗ್ಯಾನಿಕ್ ಮುದ್ರೆ ಹಾಕಿಕೊಳ್ಳುವವರು ಆ ಅಂಕಿಯನ್ನು ಅಚ್ಚು ಮಾಡಲೇಬೇಕು. ಫ್ರಾನ್ಸಿನ ಎಕೋಸರ್ಟ್, ಕಾಸ್ಮೆಬಿಯೊ ಹಾಗೂ ಜರ್ಮನಿ, ಇಟಲಿ, ಬ್ರಿಟನ್ನಿನ ಮೂರು ಸಂಸ್ಥೆಗಳು ಸೇರಿ ರೂಪಿಸಿದ ಮಾನದಂಡವಿದು. 2017ರಿಂದ ಈ ಸಂಸ್ಥೆಗಳಲ್ಲಿ ಹೊಸದಾಗಿ ಪ್ರಮಾಣಪತ್ರ ಕೇಳುವ ಉತ್ಪನ್ನಗಳಿಗೆಲ್ಲ ಇದೇ ಅನ್ವಯ.

ಅಂಕಿ ಸಣ್ಣದಾಗುವುದು ನೀರಿನಿಂದ. ಇಂಥ ಕ್ರೀಮಿನ 100 ಗ್ರಾಂನಲ್ಲಿ ಸುಮಾರು 60 ಗ್ರಾಂ ನೀರು, 24 ಗ್ರಾಂ ಸಾವಯವವಾಗಿ ಬೆಳೆದ ಆರ್ಗನ್ ಬೀಜದ ಎಣ್ಣೆ, ಶಿಯಾ ಕಾಯಿಯ ಬೆಣ್ಣೆಯಂಥವು, 6 ಗ್ರಾಂ ಗ್ಲಿಸರಿನ್, 6 ಗ್ರಾಂ ಎಣ್ಣೆ-ನೀರನ್ನು ಬೆಸೆಯುವ ಎಮಲ್ಸಿಫೈಯರ್, ಉಳಿದದ್ದು ಸುವಾಸನೆ, ವಿಟಮಿನ್ ಇ ಮತ್ತು ಕೆಡದಂತೆ ತಡೆಯುವ ಪದಾರ್ಥ ಎಂದಿಟ್ಟುಕೊಳ್ಳಿ. ಸಾವಯವ ಅನ್ನಿಸಿಕೊಳ್ಳುವುದು ಹೊಲ-ತೋಟದ ಬೆಳೆ. ನೀರಿಗೂ ಖನಿಜಕ್ಕೂ ಆ ಲೆಕ್ಕವಿಲ್ಲ. ನಿಯಮ ಹೀಗಿದೆ: ಹಿಂಡಿ, ಸೋಸಿ, ಬಟ್ಟಿ ಇಳಿಸಿ ತೆಗೆದ ಸಸ್ಯಪದಾರ್ಥಗಳಲ್ಲಿ ಕನಿಷ್ಠ ಶೇ 95 ಸಾವಯವವಾಗಿರಬೇಕು, ಒಟ್ಟು ಉತ್ಪನ್ನದಲ್ಲಿ ಕನಿಷ್ಠ ಶೇ 20. ಶಾಂಪೂವಿನಂತೆ ತೊಳೆದುಹೋಗುವಂಥದ್ದಕ್ಕೆ ಶೇ 10 ಸಾಕು. ಎಣ್ಣೆ ಮಾತ್ರ ಇರುವ ಸೀರಮ್ಮಿನ ಮೇಲೆ ಶೇ 99 ಎಂದು ಕಂಡರೆ ಅದು ನಿಮ್ಮ ಕ್ರೀಮಿಗಿಂತ ಶುದ್ಧವೆಂದಲ್ಲ, ಅದರಲ್ಲಿ ನೀರಿಲ್ಲ, ಅಷ್ಟೆ.

ನಿಜಕ್ಕೂ ಅನುಮಾನಿಸಬೇಕಾದ ಅಂಕಿ ಇನ್ನೊಂದಿದೆ. ‘ಶೇ 98 ನೈಸರ್ಗಿಕ ಮೂಲದ್ದು’ ಎಂಬ ಸಾಲಿನ ಪಕ್ಕದ ನಕ್ಷತ್ರ ಚಿಹ್ನೆ ‘ಐಎಸ್‌ಒ 16128’ ಎಂಬ, ನೈಸರ್ಗಿಕ ಪಾಲು ಎಣಿಸುವ ಅಂತರರಾಷ್ಟ್ರೀಯ ಮಾನದಂಡದತ್ತ ತೋರಿಸಿ, ಬೇರೆ ಯಾವ ಮುದ್ರೆಯೂ ಇಲ್ಲದಿದ್ದರೆ, ಅದು ತಯಾರಕರು ತಾವೇ ಮಾಡಿಕೊಂಡ ಲೆಕ್ಕ. ಅಲ್ಲಿ ನೀರೂ ನೈಸರ್ಗಿಕವೆಂದೇ ಎಣಿಕೆ. ಮೇಲಿನ ಉದಾಹರಣೆಯಲ್ಲಿ 60 ಅಂಕ ನಲ್ಲಿಯಿಂದಲೇ ಬಂದಂತಾಯಿತು!

ಪ್ರಾಣಿಪ್ರಯೋಗದ ಮಾತಿಗೆ ಹೆಚ್ಚು ತೂಕ ಕೊಡಬೇಡಿ. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು ಐರೋಪ್ಯ ಒಕ್ಕೂಟ 2013ರ ಮಾರ್ಚ್ 11ರಿಂದ ಪೂರ್ತಿ ನಿಷೇಧಿಸಿದೆ. ಭಾರತವೂ 2014ರಲ್ಲಿ ಅದೇ ದಾರಿ ಹಿಡಿಯಿತು. ಡಬ್ಬಿಯ ಮೇಲೆ ‘ಪರಿಸರಸ್ನೇಹಿ’, ‘ಜೈವಿಕವಾಗಿ ಕರಗುವಂಥದ್ದು’ ಎಂದು ಫ್ರೆಂಚಿನಲ್ಲಿ ಬರೆದಿದ್ದರೆ ಮಾತ್ರ ಎಚ್ಚರವಾಗಿ. ಫ್ರಾನ್ಸಿನ 2020ರ ತ್ಯಾಜ್ಯವಿರೋಧಿ ಕಾನೂನು ಆ ಪದಗಳನ್ನೇ ಲೇಬಲ್ಲಿನಿಂದ ತೆಗೆಸಿದೆ.

ಕೊಂಡವರ ಮನಸ್ಸನ್ನು ಕೊರೆಯಬೇಕಾದ ಪ್ರಶ್ನೆ ಕೂಲಿಯದು. ಸಾವಯವ ಮುದ್ರೆ ಬೆಳೆಯನ್ನೂ ಕಾರ್ಖಾನೆಯನ್ನೂ ನೋಡುತ್ತದೆ. ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಶಿಯಾ ಕಾಯಿ ಆಯ್ದ ಹೆಂಗಸಿಗೆ ಎಷ್ಟು ಸಿಕ್ಕಿತು ಎಂದು ಕೇಳುವುದಿಲ್ಲ. ಅದಕ್ಕೆ ‘ಫೇರ್ ಫಾರ್ ಲೈಫ್’ನಂಥ ಬೇರೆ ಮುದ್ರೆ ಬೇಕು. ಪದಾರ್ಥಗಳ ಪಟ್ಟಿಯಲ್ಲಿ ‘ಮೈಕಾ’ ಅಥವಾ ‘ಸಿಐ 77019’ ಇದೆಯೇ ನೋಡಿ. ಕ್ರೀಮಿಗೆ ಹೊಳಪು ಕೊಡುವ ಈ ಅಭ್ರಕ ನಮ್ಮ ಜಾರ್ಖಂಡ್, ಬಿಹಾರದ ಗಣಿಗಳಿಂದಲೂ ಹೋಗುತ್ತದೆ, ಅಲ್ಲಿ ಮಕ್ಕಳು ಬಿಲಗಳಿಗಿಳಿದು ಅದನ್ನು ಹೆಕ್ಕುತ್ತಾರೆ. ಇದನ್ನು ತಡೆಯಲೆಂದೇ 2017ರಲ್ಲಿ ಪ್ಯಾರಿಸ್‌ನಲ್ಲಿ ‘ರೆಸ್ಪಾನ್ಸಿಬಲ್ ಮೈಕಾ ಇನಿಷಿಯೇಟಿವ್’ ಹುಟ್ಟಿತು. ಏಳು ಸಾವಿರ ಪಡೆಯುವ ಕಂಪನಿ ತನ್ನ ಅಭ್ರಕ ಯಾವ ಗಣಿಯದೆಂದು ಹೇಳಲೇಬೇಕು. ಮಗಳಿಂದ ಒಂದು ಇಮೇಲ್ ಬರೆಸಿ, ಗಣಿಯ ಜಿಲ್ಲೆಯ ಹೆಸರು ಕೇಳಿಸಿ. ‘ನಾವು ನೈತಿಕತೆಗೆ ಬದ್ಧರು’ ಎಂಬಷ್ಟೇ ಉತ್ತರ ಬಂದರೆ ಅದನ್ನು ಉತ್ತರವೆಂದು ಒಪ್ಪಬೇಡಿ.

ಒಡೆತನವನ್ನೂ ಮುದ್ರೆ ನೋಡುವುದಿಲ್ಲ. ಫ್ರಾನ್ಸಿನ ಸಾವಯವ ಪ್ರಸಾಧನ ಕಂಪನಿಗಳನ್ನೇ ನೋಡಿ: ಡ್ರೋಮ್ ಪ್ರಾಂತ್ಯದ ಸಾನೊಫ್ಲೋರ್ 2006ರಲ್ಲಿ ಲೋರಿಯಲ್ ಪಾಲಾಯಿತು, ಆರ್ದೆಷ್‌ನ ಮೆಲ್ವಿಟಾ 2008ರಲ್ಲಿ ಲೊಕ್ಸಿತಾನ್ ಪಾಲಾಯಿತು. ಎರಡೂ ಸಾವಯವವಾಗಿಯೇ ಮುಂದುವರಿದವು.

ಇನ್ನು ಬಳಕೆ. ಕಾಸ್ಮಾಸ್, ಕೆಡದಂತೆ ತಡೆಯಲು ಹಾಕುವ ಪ್ಯಾರಾಬೆನ್‌ಗಳನ್ನು ಒಪ್ಪುವುದಿಲ್ಲ. ಸೋರ್ಬಿಕ್, ಬೆಂಜೋಯಿಕ್ ಆಮ್ಲದಂಥವನ್ನು ಒಪ್ಪುತ್ತದೆ. ಈ ಆಮ್ಲಗಳು ಕ್ರೀಮು ಸ್ವಲ್ಪ ಹುಳಿಯಾಗಿದ್ದಾಗ, ಪಿಎಚ್ ಸುಮಾರು 5.5ಕ್ಕಿಂತ ಕೆಳಗಿದ್ದಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಹಾಗಾಗಿ ಒದ್ದೆ ಬೆರಳು ಅದ್ದಬೇಡಿ, ಡಬ್ಬಿಯೊಳಗೆ ಮನೆಯದೇನನ್ನೂ ಬೆರೆಸಬೇಡಿ. ತೆರೆದ ಡಬ್ಬಿಯ ಚಿತ್ರದಲ್ಲಿ 6ಎಂ ಎಂದಿದ್ದರೆ ತೆರೆದ ಆರು ತಿಂಗಳಲ್ಲಿ ಮುಗಿಸಿ. ಬೇಸಿಗೆಯಲ್ಲಿ ಶಿಯಾ ಕರಗಿ, ನಿಧಾನ ಆರಿದರೆ ರವೆಯಂಥ ಕಾಳುಗಳಾಗುತ್ತವೆ, ಅದು ಕೆಟ್ಟಿದ್ದಲ್ಲ. ಕಮಟು ವಾಸನೆ ಬಂದರೆ ಕೆಟ್ಟಿದೆ. ಪಟ್ಟಿಯ ಕೊನೆಯಲ್ಲಿ ಲಿನಲೂಲ್, ಲಿಮೊನೀನ್, ಜೆರಾನಿಯಾಲ್ ಇದ್ದರೆ ಅವು ಸುಗಂಧತೈಲದ ಅಂಶಗಳು. ಗಾಳಿ ತಾಗಿ ಹಳತಾದಷ್ಟೂ ಲಿನಲೂಲ್, ಲಿಮೊನೀನ್ ಅಲರ್ಜಿ ತರುವ ಸಂಭವ ಹೆಚ್ಚು. ಮುಖಕ್ಕೆ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ. ಕೆಂಪಾಗಿ ತುರಿಸಿದರೆ ಅಲ್ಲಿಗೇ ನಿಲ್ಲಿಸಿ.